ಅರ್ಧ ಇಂಚಿನ ಅಂಚು

ಹ್ಯಾರಿಸನ್, ನ್ಯೂಜೆರ್ಸಿ
14 ಜನವರಿ 2025

ನಾಝಿಯಾ ಬೇಟಿಗೆ ಅಬ್ಬನ ದುವಾ.

ರೈಲು ಹತ್ತಿದರೆ ಗಂಟೆಯೊಳಗೆ ವೆಸ್ಟ್ ವಿಂಡ್ಸರ್‌ನಲ್ಲಿ ನಿನ್ನ ಬಾಗಿಲು ತಟ್ಟಬಹುದಾದ ಮನುಷ್ಯ ಅಂಚೆಯಲ್ಲಿ ಕಾಗದ ಹಾಕುತ್ತಿದ್ದಾನೆಂದರೆ ಮುದುಕನಿಗೆ ಏನೋ ಆಗಿದೆ ಎಂದುಕೊಳ್ಳುತ್ತೀಯ. ಮೈ ಚೆನ್ನಾಗಿದೆ. ಫೋನಿನಲ್ಲಿ ಹೇಳಹೊರಟರೆ ನೀನು ಎರಡನೇ ವಾಕ್ಯಕ್ಕೇ ಬಾಯಿ ಹಾಕುತ್ತೀಯ. ಇದನ್ನು ಕೊನೆಯವರೆಗೆ ಹೇಳಬೇಕಾಗಿದೆ. ಕನ್ನಡದಲ್ಲೇ ಬರೆಯುತ್ತೇನೆ. ಉರ್ದು ನಿನಗೆ ಓದಲು ಬರದು, ನನ್ನ ಇಂಗ್ಲಿಷ್ ನೋಡಿದರೆ ನಿನ್ನ ಕೈ ಕೆಂಪು ಪೆನ್ನಿಗೆ ಹೋಗುತ್ತದೆ.

ನಿನ್ನ ಪುಸ್ತಕದ ಪ್ರೂಫ್ ಬಂತು. ಅರ್ಪಣೆಯ ಪುಟದಲ್ಲಿ ತನ್ನ ಹೆಸರು ‘ಹಫೀಜಾ’ ಎಂದು ಅಚ್ಚಾದದ್ದನ್ನು ನಿನ್ನ ಅಮ್ಮಿ ಜ್ಯಾಕ್ಸನ್ ಹೈಟ್ಸ್‌ನ ಸೀರೆ ಅಂಗಡಿಯವನಿಗೂ ತೋರಿಸಿ ಬಂದಳು. ನಾನು ಮೊದಲು ಕಾಗದವನ್ನು ಉಜ್ಜಿ ನೋಡಿದೆ, ಐವತ್ತು ವರ್ಷದ ಚಾಳಿ. ಆಮೇಲೆ ಡಿಕ್ಷನರಿ ಇಟ್ಟುಕೊಂಡು ಓದಲು ಕೂತೆ. ಹನ್ನೊಂದು ವರ್ಷದಿಂದ ನೀನು ವರ್ಡಾ ಕ್ರೆನ್‌ಶಾ ಎನ್ನುತ್ತಿದ್ದೆ, ನಾನು ಹೂಂ ಎನ್ನುತ್ತಿದ್ದೆ. ‘ನಿಮಗೆ ಬೋರ್ ಆಗತ್ತೆ ಅಬ್ಬಾ’ ಎಂದು ನೀನು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಿಸಿಸಿಪ್ಪಿಯ ಹತ್ತಿ ಸೀಮೆಯಲ್ಲಿ ಹುಟ್ಟಿ, ನ್ಯೂಆರ್ಕಿಗೆ ಬಂದು ಬಟ್ಟೆ ಹೊಲಿದು ಬದುಕಿ, ನಾಲ್ಕೇ ಕಾದಂಬರಿ ಬರೆದವಳು. ಇನ್ನು ಐವತ್ತು ವರ್ಷ ಕಳೆದ ಮೇಲೂ ಅಮೆರಿಕದ ದಕ್ಷಿಣವನ್ನು ತಿಳಿಯಬೇಕಾದವರು ಆಕೆಯ ‘ತೂಕದ ಮನೆ’ಯನ್ನೇ ತೆರೆಯಬೇಕು ಎಂದು ಬರೆದಿದ್ದೀಯ. ಒಪ್ಪುತ್ತೇನೆ. ಮೋಸದ ತಕ್ಕಡಿಯ ಬಗ್ಗೆ ಅಷ್ಟು ತಿಳಿದು ಬರೆದವರನ್ನು ನಾನು ಬೇರೆ ಕಂಡಿಲ್ಲ.

ನನ್ನ ಕಷ್ಟ ಮೂರನೇ ಅಧ್ಯಾಯದ್ದು. ಲೈಬ್ರರಿಯಲ್ಲಿರುವ, ‘ತೂಕದ ಮನೆ’ಯ ಆಕೆಯ ಸ್ವಂತ ಪ್ರತಿಯಲ್ಲಿ ಪುಟಗಳ ಹೊರ ಅಂಚಿಗೆ ಪೆನ್ಸಿಲ್ ಬರಹ ಇತ್ತು, ಈಗ ಅಕ್ಷರಗಳ ಕಾಲುಗಳು ಮಾತ್ರ ಉಳಿದಿವೆ, ಉಳಿದದ್ದು ಕತ್ತರಿಸಿ ಹೋಗಿದೆ. ಸಾಯುವ ನಾಲ್ಕು ತಿಂಗಳು ಮುಂಚೆ ಆಕೆಯೇ ಬೈಂಡರನಿಗೆ ಹೇಳಿ ಅದನ್ನು ತೆಗೆಸಿದಳು, ಬರೆದದ್ದನ್ನು ತಾನೇ ಅಳಿಸುವುದು ಆಕೆಯ ಕೊನೆಯ ಕೃತಿ, ಮೌನವೇ ಆಕೆಯ ಐದನೇ ಕಾದಂಬರಿ. ನೀನು ಬರೆದದ್ದು ಇದು. ಓದಲು ಬಹಳ ಚೆನ್ನಾಗಿದೆ. ನಾಝಿಯಾ, ಆಕೆ ಅಂಥದ್ದೇನೂ ಹೇಳಲಿಲ್ಲ. ಆ ಬೈಂಡರ್ ನಾನು.

1995ರ ನವೆಂಬರ್. ನ್ಯೂಆರ್ಕಿನಲ್ಲಿ ಅಂಗಡಿ ಹಾಕಿ ಎರಡು ವರ್ಷ ಆಗಿತ್ತು. ಒಬ್ಬ ಮುದುಕಿ ಬ್ರೆಡ್ಡಿನ ಚೀಲದಲ್ಲಿ ಪುಸ್ತಕ ಸುತ್ತಿಕೊಂಡು ಬಸ್ಸಿಳಿದು ಬಂದಳು. ಬೆನ್ನು ಮುರಿದು ಹಾಳೆ ಉದುರುತ್ತಿತ್ತು. ‘ಎಲ್ಲಿಯವನು ನೀನು?’ ಎಂದಳು. ಸೌತ್ ಇಂಡಿಯಾ ಎಂದೆ. ‘ಹಾಗಾದರೆ ಊಟ ಮಾಡದೆ ಯಾರನ್ನೂ ಕಳಿಸುವವನಲ್ಲ ನೀನು. ನಾನೂ ಸೌತಿನವಳೇ’ ಎಂದಳು. ಚಹಾ ಕೊಟ್ಟೆ. ರಸೀದಿಗೆ ವರ್ಡಾ ಕ್ರೆನ್‌ಶಾ ಎಂದು ಹೆಸರು ಬರೆಸಿದಳು. ಗಟ್ಟಿಯಾಗಿ ಕಟ್ಟಿಕೊಡು, ನಾನಿಲ್ಲದಿದ್ದರೂ ಅದು ಇರಬೇಕು ಎಂದಳು. ಅಷ್ಟೇ.

ಮೈಸೂರಿನಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ಕೋರ್ಟಿನ ರಿಜಿಸ್ಟರ್ ಆಗಲಿ, ಸ್ಕೂಲಿನ ಗ್ರಾಮರ್ ಆಗಲಿ, ಮೂರು ಬದಿಯ ಅಂಚನ್ನೂ ಹೆರೆಯದೆ ಪುಸ್ತಕ ಹೊರಗೆ ಕಳಿಸುತ್ತಿರಲಿಲ್ಲ. ಗಿರಾಕಿ ಹೆಬ್ಬೆರಳು ಓಡಿಸುವುದು ಅಲ್ಲೇ, ಬೈಂಡರನಿಗೆ ಮಾರ್ಕು ಬೀಳುವುದೂ ಅಲ್ಲೇ. ಹಳೆಯ ಪುಸ್ತಕದ ಅಂಚಿಗೆ ಚಾಕು ತಾಗಿಸಬಾರದು ಎಂಬುದು ಈ ದೇಶದ ಲೈಬ್ರರಿಗಳ ನಿಯಮ. ನನಗೆ ಅದು ತಿಳಿದದ್ದು ಮೂರು ವರ್ಷದ ನಂತರ. ಆ ಪುಸ್ತಕದ ಅಂಚು ಮಾಸಿ ಹರಿದಿತ್ತು, ಅರ್ಧ ಇಂಚು ತೆಗೆದೆ. ಬ್ಲೇಡು ಇಳಿದ ಮೇಲೆ ಬರಹ ಕಂಡಿತು. ಇರುವೆ ಸಾಲಿನ ಹಾಗೆ ಅಂಚಿನುದ್ದಕ್ಕೂ ಮೇಲಿಂದ ಕೆಳಕ್ಕೆ ಬರೆದಿದ್ದಳು.

ಪುಸ್ತಕ ಕೊಟ್ಟೆ. ಆಕೆ ಅಂಚಿನ ಮೇಲೆ ಬೆರಳೋಡಿಸಿದಳು, ಒಂದು ಪುಟ ತೆರೆದಳು, ಇನ್ನೊಂದು ತೆರೆದಳು. ‘ಎಲ್ಲರಿಗೂ ಹೀಗೇ ಮಾಡ್ತೀಯಾ?’ ಎಂದಳು. ಯೆಸ್ ಮೇಡಂ, ಎಲ್ಲರಿಗೂ ಎಂದೆ. ಪುಸ್ತಕವನ್ನು ಮತ್ತೆ ಬ್ರೆಡ್ಡಿನ ಚೀಲಕ್ಕೆ ಹಾಕಿಕೊಂಡು ಹೋದಳು.

ತಪ್ಪಾಯಿತು ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಮುಂದೆ ನೀನು ಆಕೆಯನ್ನೇ ಓದಲು ಆರಿಸಿಕೊಂಡಾಗಲೂ ಬರಲಿಲ್ಲ.

ನಿನ್ನ ಅಬ್ಬಾ,
ಇನಾಯತ್ ಉಲ್ಲಾ

*

ವೆಸ್ಟ್ ವಿಂಡ್ಸರ್
3 ಫೆಬ್ರವರಿ 2025

ಅಬ್ಬಾ,

ಫೋನ್ ಎತ್ತದೆ ಇದ್ದದ್ದು ಬೇಕೆಂದೇ. ಅಮ್ಮಿಗೆ ಹೇಳಿ, ಹನ್ನೆರಡು ಮಿಸ್ಡ್ ಕಾಲ್ ಮಾಡಿದರೆ ಹದಿಮೂರನೆಯದಕ್ಕೆ ಮನಸ್ಸು ಬದಲಾಗಲ್ಲ ಅಂತ. ಕಾಗದದಲ್ಲೇ ಉತ್ತರಿಸುತ್ತೇನೆ. ಯೂನಿವರ್ಸಿಟಿಯ ಈಮೇಲ್‌ನಲ್ಲಿ ಈ ವಿಷಯದ ಒಂದು ಸಾಲೂ ಇರಬಾರದು. ಕನ್ನಡದಲ್ಲಿ ಇಷ್ಟುದ್ದ ಬರೆದು ಎಷ್ಟು ವರ್ಷವಾಯಿತೋ, ತಪ್ಪಿದ್ದರೆ ನಿಮ್ಮ ಕೆಂಪು ಪೆನ್ನು ತೆಗೆಯಿರಿ.

ನಿಮಗೆ ಅರ್ಥವಾಗಲಿ ಎಂದು ಬಿಡಿಸಿ ಹೇಳುತ್ತೇನೆ. ಪುಸ್ತಕ ಪ್ರೆಸ್ಸಿಗೆ ಹೋಗುವುದು ಮಾರ್ಚ್ 21ಕ್ಕೆ. ಏಪ್ರಿಲ್ 26ಕ್ಕೆ ಕ್ರೆನ್‌ಶಾ ಶತಮಾನೋತ್ಸವದ ಸಮ್ಮೇಳನ, ಆಕೆಯ ಕುರಿತ ಅಧ್ಯಯನ ಮುಂದೆ ಎತ್ತ ಹೋಗಬೇಕು ಎಂಬ ಬಗ್ಗೆ ಮುಖ್ಯ ಭಾಷಣ ನನ್ನದು. ಮೇ ತಿಂಗಳಲ್ಲಿ ನನ್ನ ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂದು ಡಿಪಾರ್ಟ್‌ಮೆಂಟಿನವರು ವೋಟು ಹಾಕುತ್ತಾರೆ. ಈ ಮೂರೂ ನಿಂತಿರುವುದು ಮೂರನೇ ಅಧ್ಯಾಯದ ಮೇಲೆ.

ಆ ಪ್ರತಿಯನ್ನು ನಾನು ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೇನೆ ಗೊತ್ತಾ? ಆ ಅಕ್ಷರಗಳ ಕಾಲುಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಎರಡು ಬೇಸಿಗೆ ಕಳೆದೆ. ಸಂಜೆ ನಿಮ್ಮ ಮನೆಗೇ ಊಟಕ್ಕೆ ಬರುತ್ತಿದ್ದೆ. ‘ಕಣ್ಣು ಕೆಂಪಾಗಿದೆ, ಏನು ನೋಡ್ತಿದ್ದೆ?’ ಎಂದು ನೀವು ಕೇಳುತ್ತಿದ್ದಿರಿ. ಲೈಬ್ರರಿಯಲ್ಲಿದ್ದೆ ಎನ್ನುತ್ತಿದ್ದೆ. ನೀವು ಅನ್ನದ ಮೇಲೆ ಸಾರು ಹಾಕುತ್ತಿದ್ದಿರಿ.

ಒಂದೇ ಪ್ರಶ್ನೆ. ಕತ್ತರಿಸಿದ ಚೂರುಗಳನ್ನು ಏನು ಮಾಡಿದಿರಿ?

ನಾಝಿಯಾ

*

ಹ್ಯಾರಿಸನ್
7 ಫೆಬ್ರವರಿ 2025

ಬೇಟಿ,

ಸಾರಿನ ವಿಷಯ ಬರೆದದ್ದು ನ್ಯಾಯ. ಚೂರಿನ ವಿಷಯ ಹೇಳುತ್ತೇನೆ.

ಅಕ್ಷರ ಇರುವ ಕಾಗದವನ್ನು ನಮ್ಮಲ್ಲಿ ಕಸಕ್ಕೆ ಹಾಕುವುದಿಲ್ಲ, ಕಾಲಿಗೆ ಸಿಕ್ಕಿದರೆ ಕಣ್ಣಿಗೊತ್ತಿಕೊಂಡು ಗೋಡೆಯ ಸಂದಿಗೆ ಸಿಕ್ಕಿಸುತ್ತೇವೆ. ಯಾರು ಬರೆದದ್ದು, ಯಾವ ಭಾಷೆ ಎಂದು ಕೇಳುವುದಿಲ್ಲ. ಆ ದಿನ ಖಾಲಿ ಚೂರುಗಳನ್ನು ಗೋಣಿಗೆ ತುಂಬಿದೆ, ಪೆನ್ಸಿಲ್ ಇದ್ದವನ್ನು ಬೇರೆ ತೆಗೆದೆ. ಇಪ್ಪತ್ತಮೂರು. ಕೈಯಲ್ಲಿ ಹಿಡಿದುಕೊಂಡು ನಿಂತೆ. ಆಕೆಗೆ ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ, ಎಸೆಯುವ ಹಾಗಿಲ್ಲ. ಬೈಂಡರನಿಗೆ ಇಂಥ ಹೊತ್ತಿನಲ್ಲಿ ಒಂದು ಜಾಗ ಇರುತ್ತದೆ. ಹೊಲಿದ ಬೆನ್ನಿಗೂ ಮೇಲಿನ ಬಟ್ಟೆಗೂ ನಡುವೆ ಬಲಕ್ಕೆಂದು ರದ್ದಿ ಕಾಗದ ಅಂಟಿಸುತ್ತೇವೆ. ಇಪ್ಪತ್ತಮೂರನ್ನೂ ಅಲ್ಲೇ ಪದರ ಪದರವಾಗಿ ಅಂಟಿಸಿಬಿಟ್ಟೆ. ಆಕೆಯದು ಆಕೆಯ ಪುಸ್ತಕದಲ್ಲೇ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನೀನು ಎರಡು ಬೇಸಿಗೆ ಕೈಯಲ್ಲಿ ಹಿಡಿದದ್ದು ಅದನ್ನೇ. ಬೆರಳು ಇಟ್ಟದ್ದೂ ಅದರ ಮೇಲೇ.

ಅವು ಉಳಿದಿರುತ್ತವೆ. ಇಲ್ಲಿಯವರು ಪ್ಲಾಸ್ಟಿಕ್ಕಿನ ಬಿಳಿ ಗೋಂದು ಹಚ್ಚುತ್ತಾರೆ, ಅದು ಹಿಡಿದದ್ದನ್ನು ಲೋಕ ಮುಗಿಯುವ ಕಿಯಾಮತ್‌ವರೆಗೂ ಬಿಡುವುದಿಲ್ಲ. ನಾನು ಮೈದಾ ಕಾಯಿಸಿ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದ ಅಂಟಿನವನು. ಒದ್ದೆ ಬಟ್ಟೆ ಅರ್ಧ ಗಂಟೆ ಇಟ್ಟರೆ ಬಿಟ್ಟುಕೊಳ್ಳುತ್ತದೆ. ಪೆನ್ಸಿಲ್ ನೀರಿಗೆ ಹೋಗುವುದಿಲ್ಲ. ಲೈಬ್ರರಿಯವರಿಗೆ ಹೇಳು.

ನಿನ್ನ ಅಬ್ಬಾ

*

ವೆಸ್ಟ್ ವಿಂಡ್ಸರ್
24 ಫೆಬ್ರವರಿ 2025

ಅಬ್ಬಾ,

ಲೈಬ್ರರಿಯಲ್ಲಿ ಹಳೆ ಪುಸ್ತಕ ರಿಪೇರಿ ಮಾಡುವ ಟೋನಿಯನ್ನು ಕೇಳಿದೆ. ಯಾರದೋ ಪುಸ್ತಕ ಎನ್ನುವ ಹಾಗೆ ಕೇಳಿದೆ. ಅವನು ನಿಮ್ಮ ಥರದವನೇ, ಕಣ್ಣಲ್ಲೇ ತೂಗುತ್ತಾನೆ. ‘ಪ್ರೊಫೆಸರ್, ಬೆನ್ನೊಳಗೆ ಏನೋ ಇದೆ ಅಂತ ನಿಮಗೆ ಯಾರು ಹೇಳಿದ್ರು? ಸಹಿ ಹಾಕಿದ ಸ್ಟೇಟ್‌ಮೆಂಟ್ ತನ್ನಿ. ಇಲ್ಲದೆ ಕ್ರೆನ್‌ಶಾ ಪುಸ್ತಕಕ್ಕೆ ನಾನು ಚಾಕು ಮುಟ್ಟಿಸಲ್ಲ’ ಎಂದ. ಅರ್ಜಿಯ ನಮೂನೆ ಕೊಟ್ಟ. ಯಾರು ಕಟ್ಟಿದರು, ಅಂಚನ್ನು ಯಾಕೆ ಕತ್ತರಿಸಿದರು, ಚೂರು ಬೆನ್ನಿಗೆ ಹೇಗೆ ಬಂತು. ಮೂರು ಖಾನೆ.

ಎರಡನೇ ಖಾನೆಯನ್ನು ತುಂಬಿದ ದಿನ ನನ್ನ ಮೂರನೇ ಅಧ್ಯಾಯ ಮುಗಿಯಿತು. ತುಂಬದಿದ್ದರೆ ಆ ಇಪ್ಪತ್ತಮೂರು ಅಲ್ಲೇ ಇರುತ್ತವೆ. ನಾನು ಆಕೆಯ ಮೌನದ ಬಗ್ಗೆ ಭಾಷಣ ಮಾಡುತ್ತೇನೆ, ಆಕೆಯ ಮಾತು ಕಪಾಟಿನಲ್ಲಿ ಕೂತಿರುತ್ತದೆ.

ಅದಕ್ಕೇ ಇನ್ನೊಮ್ಮೆ ಕೇಳುತ್ತೇನೆ, ಯೋಚಿಸಿ ಹೇಳಿ. ಮೂವತ್ತು ವರ್ಷದ ಹಿಂದಿನ ಮಾತು. ಚಹಾ ಕುಡಿಯುವಾಗ ಆಕೆ ಏನಾದರೂ ಹೇಳಿರಬಹುದು. ಅಂಚು ತೆಗೆ ಅಂತಲೋ, ಬರಹ ಹೋದರೂ ಪರವಾಗಿಲ್ಲ ಅಂತಲೋ. ನಿಮಗೆ ಆಗ ಇಂಗ್ಲಿಷ್ ಅಷ್ಟು ಬರುತ್ತಿರಲಿಲ್ಲ. ಮರೆತಿರಬಹುದು.

ನಾಝಿಯಾ

*

ಹ್ಯಾರಿಸನ್
28 ಫೆಬ್ರವರಿ 2025

ಬೇಟಿ,

ಐವತ್ತು ವರ್ಷ ಗಿರಾಕಿಗಳ ಜತೆ ಮಾತಾಡಿದವನು ನಾನು. ಕೇಳುವಾಗಲೇ ಉತ್ತರ ಕೈಯಲ್ಲಿ ಹಿಡಿದು ಬರುವವರನ್ನು ಬಾಗಿಲಲ್ಲೇ ಗುರುತಿಸುತ್ತೇನೆ. ನಿನ್ನ ಮೇಲೆ ಕೋಪವಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಇದಕ್ಕಿಂತ ಮುಂಚೆಯೇ ಕೇಳುತ್ತಿದ್ದೆ.

ಈ ಕವರಿನಲ್ಲಿ ಇನ್ನೆರಡು ಹಾಳೆ ಇವೆ. ಎರಡೂ ಸ್ಟೇಟ್‌ಮೆಂಟು, ಎರಡಕ್ಕೂ ನನ್ನ ಸಹಿ. ಇಂಗ್ಲಿಷನ್ನು ಪಕ್ಕದ ಮನೆಯ ಇಲ್ಯಾಸ್ ತಿದ್ದಿಕೊಟ್ಟ. ಕಟ್ಟಿದವನು ನಾನು, ಚೂರು ಬೆನ್ನಿನಲ್ಲಿವೆ ಎಂಬುದು ಎರಡರಲ್ಲೂ ಒಂದೇ. ವ್ಯತ್ಯಾಸ ಒಂದು ಸಾಲಿನದು. ಮೊದಲನೆಯದರಲ್ಲಿ, ಯಾರೂ ಹೇಳದೆ ನನ್ನ ರೂಢಿಯಂತೆ ಅಂಚು ಕತ್ತರಿಸಿದೆ ಎಂದಿದೆ. ಎರಡನೆಯದರಲ್ಲಿ, ಅಂಚನ್ನು ಕತ್ತರಿಸು ಎಂದು ಮಿಸ್ ಕ್ರೆನ್‌ಶಾ ಹೇಳಿದರು ಎಂದಿದೆ. ಎರಡನೆಯದನ್ನು ಕೊಟ್ಟರೂ ಟೋನಿ ಬೆನ್ನು ಬಿಚ್ಚುತ್ತಾನೆ. ಚೂರು ಸಿಗುತ್ತವೆ, ನಿನ್ನ ಅಧ್ಯಾಯವೂ ಉಳಿಯುತ್ತದೆ. ಆ ದಿನ ಅಂಗಡಿಯಲ್ಲಿದ್ದವರು ಇಬ್ಬರು. ಒಬ್ಬರು ಮಣ್ಣಿನಲ್ಲಿದ್ದಾರೆ, ಇನ್ನೊಬ್ಬನ ಸಹಿ ನಿನ್ನ ಕೈಯಲ್ಲಿದೆ.

ನಿಜ ಯಾವುದೆಂದು ನಿನಗೆ ಗೊತ್ತು. ಆಕೆ ಹೇಳಲಿಲ್ಲ, ನಾನು ಮರೆತಿಲ್ಲ. ಎಪ್ಪತ್ತನಾಲ್ಕು ವರ್ಷದವನಿಗೆ ಇನ್ನೊಂದು ಸುಳ್ಳು ದೊಡ್ಡ ಭಾರವಲ್ಲ. ನಿನಗೆ ಬೇಕಾದ್ದನ್ನು ಕಳಿಸು. ಯಾವುದನ್ನು ಕಳಿಸಿದೆ ಎಂದು ನಾನು ಯಾವತ್ತೂ ಕೇಳುವುದಿಲ್ಲ.

ನಾಳೆಯಿಂದ ರಂಜಾನಿನ ರೋಜಾ. ಇಫ್ತಾರಿಗೆ ಎಂದಾದರೂ ಬಾ.

ನಿನ್ನ ಅಬ್ಬಾ

*

ಹ್ಯಾರಿಸನ್
31 ಮಾರ್ಚ್ 2025

ಬೇಟಿ,

ಕೇಳುವುದಿಲ್ಲ ಎಂದಿದ್ದೆ. ಕೇಳುತ್ತಿದ್ದೇನೆ.

ನಿನ್ನೆ ಈದ್. ನೀನು ಬರುತ್ತೀಯೆಂದು ನಿನ್ನ ಅಮ್ಮಿ ಶೀರ್‌ಖುರ್ಮಾ ಪಾಯಸಕ್ಕೆ ಸಕ್ಕರೆ ಕಡಿಮೆ ಹಾಕಿದ್ದಳು. ಮೂರು ಗಂಟೆಯಾದ ಮೇಲೆ, ‘ಅವಳಿಗೆ ಏನು ಕಳಿಸಿದ್ರಿ ಹೇಳಿ. ಇಲ್ಯಾಸನ ಹತ್ತಿರ ಎರಡು ಸಲ ಇಂಗ್ಲಿಷ್ ಬರೆಸಿದ್ರಂತೆ’ ಎಂದಳು. ಹೇಳಿದೆ. ಹಫೀಜಾ ಜಗಳ ಆಡುವವಳು ಎಂದು ನಿನಗೆ ಗೊತ್ತು, ಜಗಳ ಆಡಲಿಲ್ಲ. ಪಾತ್ರೆ ಮುಚ್ಚಿಟ್ಟು ಎದುರಿಗೆ ಬಂದು ಕೂತಳು.

‘ಆ ಮುದುಕಿಯ ಬಾಯಿಗೆ ಮಾತು ತುರುಕಿದ್ದೀರಿ. ಅದು ಒಂದು. ಮಗಳ ಕೈಗೆ ಚಾಕು ಕೊಟ್ಟು, ಕತ್ತರಿಸೋದು ಬಿಡೋದು ನಿನ್ನಿಷ್ಟ ಅಂದಿದ್ದೀರಿ. ಇದು ಎರಡು. ಮೊದಲನೇ ಸಲ ಚಾಕು ನಿಮ್ಮ ಕೈಯಲ್ಲಾದರೂ ಇತ್ತು’ ಎಂದಳು.

ಎರಡನೇ ಹಾಳೆಯನ್ನು ವಾಪಸ್ ಕಳಿಸು. ಪುಸ್ತಕ ಪ್ರೆಸ್ಸಿಗೆ ಹೋಗುವ ದಿನ ಕಳೆದು ಹತ್ತು ದಿನವಾಯಿತು, ಲೈಬ್ರರಿಗೆ ಯಾವುದೋ ಒಂದು ತಲುಪಿಯೇ ಇರಬೇಕು ಎಂದು ನನಗೂ ಗೊತ್ತು. ಸುಳ್ಳನ್ನೇ ಕೊಟ್ಟಿದ್ದರೂ ನಾನೇ ಬಂದು ಹಿಂದಕ್ಕೆ ಪಡೆಯುತ್ತೇನೆ. ಟೋನಿಯ ಎದುರು ನಿಲ್ಲಲು ನನಗೆ ನಾಚಿಕೆಯಿಲ್ಲ. ನಿನ್ನನ್ನು ನಿಲ್ಲಿಸಲು ಇದೆ.

ನಿನ್ನ ಅಬ್ಬಾ

*

ವೆಸ್ಟ್ ವಿಂಡ್ಸರ್
29 ಏಪ್ರಿಲ್ 2025

ಅಬ್ಬಾ,

ಎರಡನೇ ಹಾಳೆ ಈ ಕವರಿನಲ್ಲಿದೆ. ಏನು ಮಾಡಬೇಕೋ ನೀವೇ ಮಾಡಿ. ಅಕ್ಷರ ಇರುವ ಕಾಗದ ನಿಮ್ಮಲ್ಲಿ ಕಸಕ್ಕೆ ಹೋಗುವುದಿಲ್ಲವಲ್ಲ.

ಕಳಿಸಲಿಲ್ಲ ಎಂದರೆ ಒಳ್ಳೆಯವಳಾಗಿ ಕಳಿಸಲಿಲ್ಲ ಎಂದಲ್ಲ. ಅದನ್ನು ಲೈಬ್ರರಿಯ ಕವರಿಗೆ ಹಾಕಿ, ವಿಳಾಸ ಬರೆದು, ಹದಿನೆಂಟು ದಿನ ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ. ಪ್ರಿನ್ಸ್‌ಟನ್ ಜಂಕ್ಷನ್ನಿನ ಅಂಚೆ ಡಬ್ಬದ ಬಾಯಿ ಒಂದು ಸಲ ತೆರೆದೂ ನೋಡಿದೆ. ಕೊನೆಗೆ ಎರಡು ಹಾಳೆಯನ್ನೂ ಅಕ್ಕಪಕ್ಕ ಇಟ್ಟುಕೊಂಡೆ. ಹಳೇ ಪ್ರತಿಯನ್ನು ನೋಡುವ ಹಾಗೆ ನೋಡಿದೆ, ಅದು ನನ್ನ ಕೆಲಸವಲ್ಲವಾ. ನಿಮ್ಮ ಸಹಿ ಎರಡರಲ್ಲೂ ಒಂದೇ ಥರ ಇತ್ತು. ಸುಳ್ಳಿನ ಕೆಳಗೂ ಒಂದು ಗೆರೆ ಓರೆಯಾಗಿಲ್ಲ. ಮುಂದೆ ಯಾರಾದರೂ ಅದನ್ನು ನೋಡಿದರೆ ನಂಬುತ್ತಾರೆ, ನನ್ನಂಥವಳೇ ಒಬ್ಬಳು ಅದರ ಮೇಲೆ ಇನ್ನೊಂದು ಮೂರನೇ ಅಧ್ಯಾಯ ಬರೆಯುತ್ತಾಳೆ ಅನ್ನಿಸಿತು. ಮಾರ್ಚ್ 19ಕ್ಕೆ ನಿಜದ್ದನ್ನು ಕೊಟ್ಟೆ. ಅದೇ ದಿನ ಪ್ರೆಸ್ಸಿಗೆ ಫೋನ್ ಮಾಡಿ ಪುಸ್ತಕ ನಿಲ್ಲಿಸಿ ಎಂದೆ. ಎಡಿಟರ್ ‘ಆರ್ ಯು ಶ್ಯೂರ್’ ಎಂದು ಮೂರು ಸಲ ಕೇಳಿದರು.

ಏಪ್ರಿಲ್ 14ಕ್ಕೆ ಟೋನಿ ಬೆನ್ನು ಬಿಚ್ಚಿದ. ನಿಮ್ಮನ್ನು ಕರೆಯೋಣವೇ ಎಂದು ಕೇಳಿದ್ದ. ಬೇಡ ಎಂದವಳು ನಾನು. ಅರ್ಧ ಗಂಟೆ ಬೇಕಾಗಲಿಲ್ಲ, ಇಪ್ಪತ್ತು ನಿಮಿಷಕ್ಕೆ ಅಂಟು ಬಿಟ್ಟಿತು. ‘ಈ ಬೈಂಡರ್ ಎದುರಿಗಿದ್ದರೆ ಕತ್ತರಿಸಿದ್ದಕ್ಕೆ ಅವನ ಕಪಾಳಕ್ಕೆ ಬಾರಿಸಬೇಕು, ಅಂಟಿಸಿದ್ದಕ್ಕೆ ಕೈ ಕುಲುಕಬೇಕು’ ಎಂದ. ನಾನು ನೆಲ ನೋಡಿದೆ. ನೀವು ನನ್ನ ಅಬ್ಬಾ ಎಂದು ಅವನಿಗೆ ಗೊತ್ತಿತ್ತು ಅನ್ನಿಸುತ್ತದೆ.

ಇಪ್ಪತ್ತಮೂರರಲ್ಲಿ ಹತ್ತೊಂಬತ್ತನ್ನು ಓದಬಹುದು. ಪುಟದ ಪಕ್ಕ ಚೂರು ಇಟ್ಟಾಗ ಅಕ್ಷರಗಳು ತಮ್ಮ ಕಾಲಿನ ಮೇಲೆ ಬಂದು ನಿಂತವು. ನಾನು ಏನೇನೋ ಊಹಿಸಿದ್ದೆ, ಬೇರೆ ಕೊನೆ, ಪಶ್ಚಾತ್ತಾಪ, ಯಾರದೋ ಗುಟ್ಟು. ಅದೇನೂ ಅಲ್ಲ. ಬರೀ ಹೆಸರುಗಳು. ತೂಕದ ಮನೆಯ ಮುಂದೆ ಹತ್ತಿಯ ಮೂಟೆ ಹೊತ್ತು ನಿಲ್ಲುವ ಒಬ್ಬೊಬ್ಬರ ಪಕ್ಕದಲ್ಲೂ ಅದು ನಿಜವಾಗಿ ಯಾರು ಎಂದು ಬರೆದಿದ್ದಾಳೆ. 112ನೇ ಪುಟದಲ್ಲಿ, ‘ಇವಳು ಎಫಿ ಡೋರ್ಸಿ. ಸತ್ತದ್ದು 1937. ಗೋರಿಗೆ ಕಲ್ಲಿಲ್ಲ.’ ಮುಂದಿನದರಲ್ಲಿ, ‘ಇವನು ನನ್ನ ಚಿಕ್ಕಪ್ಪ ಲೂಥರ್. ಎಡಗೈಯವನು.’ ಆಕೆ ಏನನ್ನೂ ಅಳಿಸುತ್ತಿರಲಿಲ್ಲ. ತಾನು ಹೋದ ಮೇಲೆ ಇವರು ಇರಲಿ ಎಂದು ಗಟ್ಟಿ ಬೈಂಡಿಂಗ್ ಕೇಳಿಕೊಂಡು ಬಂದಿದ್ದಳು.

26ಕ್ಕೆ ಭಾಷಣದಲ್ಲಿ, ನನ್ನ ಮೂರನೇ ಅಧ್ಯಾಯ ತಪ್ಪು ಎಂದು ಮೊದಲ ವಾಕ್ಯದಲ್ಲೇ ಹೇಳಿದೆ. ಆಮೇಲೆ ಹತ್ತೊಂಬತ್ತು ಹೆಸರು ಓದಿದೆ. ಮುಂದಿನ ಐವತ್ತು ವರ್ಷದ ಅಧ್ಯಯನ ಈ ಹತ್ತೊಂಬತ್ತು ಜನರಿಂದ ಶುರುವಾಗಬೇಕು, ಆ ಕೌಂಟಿಗೆ ಹೋಗಬೇಕು, ಗೋರಿ ಹುಡುಕಬೇಕು ಎಂದೆ. ಚಪ್ಪಾಳೆ ಕಡಿಮೆ. ಕಿಯಾರಾ ಎಂಬ ನನ್ನ ವಿದ್ಯಾರ್ಥಿನಿ ಮಾತ್ರ ನಾನು ಕೂರುವ ಮೊದಲೇ ಫೋನಿನಲ್ಲಿ 1930ರ ಜನಗಣತಿ ತೆರೆದು ಎಫಿಯನ್ನು ಹುಡುಕಲು ಶುರು ಮಾಡಿದ್ದಳು. ಕಾಯಂ ಮಾಡುವ ವೋಟನ್ನು ಒಂದು ವರ್ಷ ಮುಂದೆ ಹಾಕಿದ್ದಾರೆ. ಆಗಬಹುದು, ಆಗದೆಯೂ ಇರಬಹುದು.

ಊಟಕ್ಕೆ ಬರಲು ನನಗಿನ್ನೂ ಆಗುವುದಿಲ್ಲ. ಅಮ್ಮಿಯನ್ನು ಇಲ್ಲಿಗೆ ಕಳಿಸಿ.

ಲೈಬ್ರರಿಯವರು ಆ ಪುಸ್ತಕದ ಕ್ಯಾಟಲಾಗ್ ಹೊಸದಾಗಿ ಬರೆಯುತ್ತಿದ್ದಾರೆ. ‘ಅಂಚು ಬೈಂಡರನಿಂದ ಕತ್ತರಿಸಲ್ಪಟ್ಟಿದೆ, ನ್ಯೂಆರ್ಕ್, 1995’ ಎಂದು ಬರೆದರೆ ಸಾಕು, ಹೆಸರು ಹಾಕಲೇಬೇಕೆಂದಿಲ್ಲ ಎಂದರು. ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದೆ. ಹಾಕಿದರೆ ಆಕೆಯನ್ನು ಓದುವ ಪ್ರತಿಯೊಬ್ಬರೂ ನೋಡುತ್ತಾರೆ, ನಾವ್ಯಾರೂ ಇಲ್ಲದ ಕಾಲದಲ್ಲೂ.

ನಾಝಿಯಾ

*

ಹ್ಯಾರಿಸನ್
3 ಮೇ 2025

ಬೇಟಿ,

ನಿನ್ನ ಅಮ್ಮಿ ಮುಂದಿನ ಶನಿವಾರ ಹತ್ತೂ ನಲವತ್ತರ ರೈಲಿಗೆ ಬರುತ್ತಾಳೆ. ಡಬ್ಬಿ ಭಾರವಾಗಿರುತ್ತದೆ, ಸ್ಟೇಷನ್ನಿನಲ್ಲಿ ನಿಂತಿರು.

ಹೆಸರು ಹಾಕಿಸು. ಮೈಸೂರು, ನ್ಯೂಆರ್ಕ್, ಹ್ಯಾರಿಸನ್ ಎಲ್ಲ ಸೇರಿ ಅರವತ್ತು ಸಾವಿರ ಪುಸ್ತಕ ಕಟ್ಟಿರಬಹುದು. ಒಂದೇ ಒಂದು ಹಾಳೆಯೂ ಅಲುಗಾಡದ ಹಾಗೆ ಕಟ್ಟಿದವು ಅವು. ಬೈಂಡರನ ಹೆಸರು ಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ, ಅದಕ್ಕೆ ಜಾಗವೇ ಇಲ್ಲ. ಇದೊಂದರಲ್ಲಿ ಇರಲಿ.

ಇನಾಯತ್ ಉಲ್ಲಾ, ಬೈಂಡರ್